ಬೇಹಿನ ಚಾವಡಿಯ ದೊರೆ: ಚಿಕ್ಕದೇವರಾಜ ಒಡೆಯರೂ ಮೈಸೂರಿನ ಅಂಚೆಯೂ

ತಿಪಟೂರಿನ ಕೃಷಿ ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜಾದ ದಿನ, ಆ ದಿನದ ದರ ಕೆಲವೇ ನಿಮಿಷಗಳಲ್ಲಿ ಚಿಕ್ಕನಾಯಕನಹಳ್ಳಿಯ ತೋಟದ ಮನೆಗೂ ತುರುವೇಕೆರೆಯ ಅಂಗಡಿ ಜಗುಲಿಗೂ ಮುಟ್ಟಿಬಿಡುತ್ತದೆ. ಬಸ್ಸಿನಲ್ಲಿ ಹೋದರೆ ಒಂದು ಗಂಟೆಯ ಹಾದಿ. ಮೊಬೈಲಿನಲ್ಲಿ ಹೋಗುವ ಆ ಸಣ್ಣ ಸುದ್ದಿ ಮಾತ್ರ ಈ ನೇರ ಹಾದಿಯನ್ನು ಹಿಡಿಯುವುದು ಅಪರೂಪ. ಅದು ಬೆಂಗಳೂರಿಗೋ ಮುಂಬಯಿಗೋ ಹೋಗಿ, ಹತ್ತಾರು ಯಂತ್ರಗಳ ಕೈ ಬದಲಾಯಿಸಿ, ಮತ್ತೆ ತೆಂಗಿನ ಸೀಮೆಗೇ ಮರಳುತ್ತದೆ. ನಡುವಿನ ಆ ಯಂತ್ರಗಳ ಪೈಕಿ ಒಂದಕ್ಕೂ ಇಡೀ ದಾರಿಯ ಅರಿವಿಲ್ಲ. ಮುಂದಿನ ಒಂದು ಕೈ ಯಾವುದು ಎಂಬುದಷ್ಟೇ ಪ್ರತಿಯೊಂದಕ್ಕೂ ಗೊತ್ತು.

ಇಡೀ ದಾರಿ ತಿಳಿಯದೆಯೇ ಸುದ್ದಿಯನ್ನು ಗುರಿ ಮುಟ್ಟಿಸುವ ಈ ವಿದ್ಯೆ ಮೈಸೂರು ಸೀಮೆಗೆ ಹೊಸದಲ್ಲ. ಮುನ್ನೂರೈವತ್ತು ವರ್ಷಗಳ ಹಿಂದೆ ಕಾಲ್ನಡಿಗೆಯ ಆಳುಗಳನ್ನು ಠಾಣೆ ಠಾಣೆಗೆ ನಿಲ್ಲಿಸಿ ಅದನ್ನೇ ನಡೆಸಿದ ದೊರೆಯೊಬ್ಬರಿದ್ದರು. ಶ್ರೀರಂಗಪಟ್ಟಣದಲ್ಲಿ ಕುಳಿತು ರಾಜ್ಯವಾಳಿದ ಚಿಕ್ಕದೇವರಾಜ ಒಡೆಯರು ಅವರು. ಬೆಂಗಳೂರನ್ನು ಕೊಂಡವರೆಂದು, ನವಕೋಟಿ ನಾರಾಯಣರೆಂದು, ಕವಿಗಳ ಪೋಷಕರೆಂದು ಪಠ್ಯಪುಸ್ತಕಗಳು ಅವರನ್ನು ಸ್ಮರಿಸುತ್ತವೆ. ಅವರು ಕಟ್ಟಿದ ಅಂಚೆಗೆ ಆ ಪುಸ್ತಕಗಳಲ್ಲಿ ಸಿಗುವುದು ಒಂದು ಸಾಲು. ಅವರ ಆಳ್ವಿಕೆಯ ಬೆಳಕು ಕತ್ತಲೆಗಳೆರಡೂ ಆ ಒಂದು ಸಾಲಿನಲ್ಲಿ ಅಡಗಿವೆ ಎಂಬುದು ಈ ಲೇಖಕನ ಅಭಿಪ್ರಾಯ.

ಚಿಕ್ಕದೇವರಾಜರು ಹುಟ್ಟಿದ್ದು 1645ರ ಸೆಪ್ಟೆಂಬರ್ 22ರಂದು. ಅಂದು ಸಿಂಹಾಸನದಲ್ಲಿದ್ದವರು ರಣಧೀರ ಕಂಠೀರವ ನರಸರಾಜ ಒಡೆಯರು. 1659ರಲ್ಲಿ ಅವರು ತೀರಿಕೊಂಡಾಗ ಪಟ್ಟ ಚಿಕ್ಕದೇವರಾಜರ ಚಿಕ್ಕಪ್ಪನವರಿಗೆ ಹೋಯಿತು. ಮುಂದೆ ಹಕ್ಕು ಕೇಳಬಲ್ಲ ಹುಡುಗನನ್ನು ರಾಜಧಾನಿಯಿಂದ ದೂರವಿಟ್ಟು ಕಣ್ಣಿಡುವುದು ಅರಮನೆಗಳ ಹಳೆಯ ರೂಢಿ. ಯೌವನದ ಬಹುಭಾಗವನ್ನು ಅವರು ಗುಂಡ್ಲುಪೇಟೆ ಬಳಿಯ ಹಂಗಳದಲ್ಲಿ ಇಂಥ ಕಾವಲಿನಲ್ಲೇ ಕಳೆದರೆಂದು ತಿಳಿದುಬರುತ್ತದೆ. ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತರ ಗೆಳೆತನ ಬೆಳೆದದ್ದು ಆ ಕಾಲದಲ್ಲಿ. ಪಟ್ಟಕ್ಕೆ ಬಂದರೆ ತನ್ನನ್ನೇ ಮಂತ್ರಿಯಾಗಿ ಮಾಡಿಕೊಳ್ಳಬೇಕೆಂದು ಪಂಡಿತರು ಮಾತು ತೆಗೆದುಕೊಂಡಿದ್ದರಂತೆ. ಕಾವಲಿನಲ್ಲಿರುವವನಿಗೆ ಅನ್ನಬಟ್ಟೆಗೆ ಕೊರತೆಯಿರಲಿಕ್ಕಿಲ್ಲ, ಕೊರತೆಯಿರುವುದು ಸುದ್ದಿಗೆ. ರಾಜಧಾನಿಯಲ್ಲಿ ಏನು ನಡೆಯುತ್ತಿದೆ ಎಂಬುದು ತಿಂಗಳು ತಡವಾಗಿ, ಅದೂ ಇನ್ನೊಬ್ಬರು ಸೋಸಿ ಕೊಟ್ಟಷ್ಟೇ ಕಿವಿಗೆ ಬೀಳುವ ಅನುಭವ ಈ ರಾಜಕುಮಾರನ ಮನಸ್ಸಿನಲ್ಲಿ ಆಳವಾಗಿ ಕೂತಿರಬೇಕು.

1673ರ ಫೆಬ್ರವರಿ 28ರಂದು ಅವರಿಗೆ ಪಟ್ಟವಾಯಿತು. ಕೊಟ್ಟ ಮಾತಿನಂತೆ ವಿಶಾಲಾಕ್ಷ ಪಂಡಿತರು ಮಂತ್ರಿಯಾದರು. ತಿರುಮಲಾರ್ಯ, ಷಡಕ್ಷರಯ್ಯ, ಚಿಕ್ಕುಪಾಧ್ಯಾಯ, ಕರಣಿಕ ಲಿಂಗಣ್ಣಯ್ಯ ಇವರೂ ಸೇರಿ ಐವರ ಮಂತ್ರಿಮಂಡಲ ಏರ್ಪಟ್ಟಿತು. ಅಂದಿನ ಮೈಸೂರು ನಾಲ್ಕೂ ದಿಕ್ಕಿನಲ್ಲಿ ಇಕ್ಕಟ್ಟಿನಲ್ಲಿದ್ದ ರಾಜ್ಯ. ಪಶ್ಚಿಮಕ್ಕೆ ಇಕ್ಕೇರಿಯ ನಾಯಕರು, ದಕ್ಷಿಣಕ್ಕೆ ಮಧುರೆಯ ನಾಯಕರು, ಬೆಂಗಳೂರಿನಲ್ಲಿ ಶಿವಾಜಿಯ ಸೋದರ ಏಕೋಜಿ. ಉತ್ತರದಲ್ಲಿ ಬಿಜಾಪುರದ ಸುಲ್ತಾನರು ಸೋಲುತ್ತಿದ್ದರು, ಅವರ ಬೆನ್ನಿಗೆ ಮೊಗಲರು ಬರುತ್ತಿದ್ದರು. 1677ರಲ್ಲಿ ಸ್ವತಃ ಶಿವಾಜಿಯೇ ದೊಡ್ಡ ದಂಡಿನೊಡನೆ ಕರ್ನಾಟಕದ ದಂಡಯಾತ್ರೆಗೆ ಬಂದರು. ಇಂಥಲ್ಲಿ ಒಂದು ದಿನ ಮುಂಚೆ ಸಿಕ್ಕ ಸುದ್ದಿ ಒಂದು ಕೋಟೆಗೆ ಸಮ.

ಇಂದಿನ ತೆಂಗಿನ ಸೀಮೆ ಮೈಸೂರಿಗೆ ಗಟ್ಟಿಯಾಗಿ ಸೇರಿದ್ದು ಇವರ ಕಾಲದಲ್ಲಿ. ಇಂದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿರುವ ಕಂದಿಕೆರೆ ಮತ್ತು ಹಂದನಕೆರೆ, ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ, ಜೊತೆಗೆ ತುಮಕೂರು ಅವರು ಗೆದ್ದ ಠಾಣ್ಯಗಳ ಪಟ್ಟಿಯಲ್ಲಿವೆ. ತುಮಕೂರಿನ ಬಳಿಯ ಜಡಕನದುರ್ಗವನ್ನು ಬೇಡರ ಪಾಳೆಯಗಾರನಿಂದ ಕಿತ್ತುಕೊಂಡು ತಮ್ಮ ಹೆಸರನ್ನೇ ಇಟ್ಟರು. ಅದೇ ಇಂದಿನ ದೇವರಾಯನದುರ್ಗ. ಹೊನ್ನವಳ್ಳಿ ಆಗ ತಿಪಟೂರಿಗಿಂತ ದೊಡ್ಡ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲೂ ತಾಲ್ಲೂಕಿನ ಕೇಂದ್ರ ಅದೇ ಆಗಿತ್ತು, ಅಲ್ಲಿನ ಗಂಗಾಪಾಣಿ ಎಂಬ ಎಳನೀರಿನ ರುಚಿಯನ್ನು ಲೂಯಿ ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಗೆದ್ದ ಠಾಣ್ಯಗಳು ಶ್ರೀರಂಗಪಟ್ಟಣದಿಂದ ಹಲವು ದಿನಗಳ ನಡಿಗೆ. ಕೋಟೆ ಕಾಯಲು ದಂಡು ಸಾಕು. ಆದರೆ ಅಲ್ಲಿನ ಕಂದಾಯ ಎಷ್ಟು, ಪಾಳೆಯಗಾರರು ಯಾರ ಜೊತೆ ಮಾತಿನಲ್ಲಿದ್ದಾರೆ, ಗಡಿಯಾಚೆ ಯಾವ ದಂಡು ಬೀಡುಬಿಟ್ಟಿದೆ ಎಂಬುದು ತಿಳಿಯಲು ದಂಡು ಸಾಲದು.

ಅದಕ್ಕೆ ಅಂಚೆ ಹುಟ್ಟಿತು. ಹುಟ್ಟಿದ ವರ್ಷ 1672 ಎಂದು ಬರೆಯುವವರಿದ್ದಾರೆ. ಪಟ್ಟವಾದದ್ದೇ 1673ರಲ್ಲಿ ಆದುದರಿಂದ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಎನ್ನುವುದೇ ಕ್ಷೇಮ. ಹಳಗನ್ನಡದಲ್ಲಿ ಅಂಚೆಯೆಂದರೆ ಹಂಸ. ನಳನ ಸುದ್ದಿಯನ್ನು ದಮಯಂತಿಗೆ ಒಯ್ದ ಹಕ್ಕಿ ನಮ್ಮ ಓದುಗರಿಗೆ ತಾನಾಗಿ ನೆನಪಾದರೆ ತಪ್ಪಿಲ್ಲ. ಒಡೆಯರ ಅಂಚೆ ಹಾರುವ ಹಕ್ಕಿಯಾಗಿರಲಿಲ್ಲ, ಓಡುವ ಆಳುಗಳ ಸರಪಳಿಯಾಗಿತ್ತು. ಹೀಗೆ ಓಲೆ ಒಯ್ಯುವ ಕ್ರಮ ಭಾರತದಲ್ಲಿ ಅದಕ್ಕೂ ಹಳೆಯದು. ಹದಿನಾಲ್ಕನೆಯ ಶತಮಾನದಲ್ಲಿ ದಿಲ್ಲಿಗೆ ಬಂದಿದ್ದ ಇಬ್ನ್ ಬತೂತ, ಮೈಲಿಗೆ ಮೂರು ಠಾಣೆಗಳಂತೆ ನಿಂತ ಓಟದಾಳುಗಳನ್ನೂ ಅವರ ಕೈಯ ಗೆಜ್ಜೆಕೋಲನ್ನೂ ಬೆರಗಿನಿಂದ ಬಣ್ಣಿಸಿದ್ದಾನೆ. ಗೆಜ್ಜೆಯ ಸದ್ದು ಕೇಳಿದೊಡನೆ ಮುಂದಿನ ಠಾಣೆಯವನು ಎದ್ದು ನಿಲ್ಲುವನು, ಓಲೆ ಕೈ ಬದಲಾಗುವುದು, ಮೊದಲಿನವನು ಕುಳಿತು ಸುಧಾರಿಸಿಕೊಳ್ಳುವನು. ಚಿಕ್ಕದೇವರಾಜರ ಹೆಚ್ಚುಗಾರಿಕೆ ಎಂದರೆ ಅದನ್ನು ರಾಜ್ಯದ ಸೀಮೆ ಸೀಮೆಗೂ ಹರಡಿದ ಖಾಯಂ ಏರ್ಪಾಡಾಗಿ ಮಾಡಿದ್ದು.

ಈ ಏರ್ಪಾಡಿನ ತಿರುಳನ್ನು ಒಂದು ಊಹೆಯ ಉದಾಹರಣೆಯಿಂದ ನೋಡೋಣ. ಶ್ರೀರಂಗಪಟ್ಟಣದಿಂದ ಹೊನ್ನವಳ್ಳಿಗೆ ಒಂದು ನಿರೂಪ ಹೋಗಬೇಕು. ರಾಜಧಾನಿಯ ಗುಮಾಸ್ತ ಹೊನ್ನವಳ್ಳಿಯನ್ನು ಕಂಡವನೇ ಅಲ್ಲ. ಅವನ ಕಡತದಲ್ಲಿ, ಹೊನ್ನವಳ್ಳಿ ಕಡೆಯ ಕಾಗದಗಳು ತುರುವೇಕೆರೆಯ ಮೂಲಕ ಎಂದಿದೆ. ತುರುವೇಕೆರೆಯೂ ಅವನ ಬಾಗಿಲಲ್ಲಿಲ್ಲ. ಹಾಗಾಗಿ ಅದೇ ಕಡತವನ್ನು ಎರಡನೆಯ ಸಲ ತೆರೆದು ತುರುವೇಕೆರೆಗೆ ದಾರಿ ಯಾವುದೆಂದು ನೋಡುತ್ತಾನೆ. ನಾಗಮಂಗಲದ ಮೂಲಕ ಎಂದಿದೆ. ನಾಗಮಂಗಲದ ಕಡೆಗೆ? ಕೋಟೆಯ ಉತ್ತರ ಬಾಗಿಲಾಚೆಯ ಮೊದಲ ಠಾಣೆ. ಈಗ ಉತ್ತರ ಸಿಕ್ಕಿತು, ಏಕೆಂದರೆ ಆ ಠಾಣೆ ಓಡಿ ಮುಟ್ಟುವಷ್ಟು ಹತ್ತಿರದಲ್ಲಿದೆ. ಕೊನೆಯ ಪ್ರಶ್ನೆಯೊಂದು ಉಳಿಯಿತು: ಈ ರಾತ್ರಿ ಅಲ್ಲಿ ಕೆಲಸದಲ್ಲಿರುವ ಆಳು ಯಾರು? ಒಬ್ಬ ಹುಡುಗ ಓಡಿಹೋಗಿ ಠಾಣೆಯ ಮುಂದೆ ಕೂಗಿ ಕೇಳುತ್ತಾನೆ, ಸರದಿಯವನು ಓಗೊಡುತ್ತಾನೆ, ಚೀಲ ಅವನ ಹೆಗಲೇರುತ್ತದೆ. ಆ ಆಳಿಗೆ ಹೊನ್ನವಳ್ಳಿಯ ಚಿಂತೆಯಿಲ್ಲ. ಮಾಯಸಂದ್ರ ದಾಟಿ, ತುರುವೇಕೆರೆ ದಾಟಿ, ಚೀಲ ಹಲವು ಹೆಗಲುಗಳ ಮೇಲೆ ಹೋಗಿ ಹೊನ್ನವಳ್ಳಿ ಸೇರುವಾಗ ಇಡೀ ದಾರಿಯನ್ನು ನಡೆದವನು ಯಾರೂ ಇಲ್ಲ, ಚೀಲವೊಂದನ್ನು ಬಿಟ್ಟು.

ಇಂದು ಬೆಂಗಳೂರಿನ ದತ್ತಾಂಶ ಕೇಂದ್ರಗಳಲ್ಲಿ ಗುಂಯ್‌ಗುಟ್ಟುತ್ತಿರುವ ರೂಟರ್ ಎಂಬ ಯಂತ್ರ ಮಾಡುವುದೂ ಅಕ್ಷರಶಃ ಇದನ್ನೇ. ನಾವು ಕಳಿಸುವ ಸಂದೇಶ ಪ್ಯಾಕೆಟ್ ಎಂಬ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಪ್ರತಿ ಪೊಟ್ಟಣದ ಮೇಲೂ ಮುಟ್ಟಬೇಕಾದ ವಿಳಾಸವಿರುತ್ತದೆ, ದಾರಿಯ ವಿವರವಿರುವುದಿಲ್ಲ. ರೂಟರ್ ತನ್ನ ಪಟ್ಟಿಯಲ್ಲಿ ಆ ವಿಳಾಸವನ್ನು ಹುಡುಕಿದಾಗ ಸಿಗುವ ಉತ್ತರಕ್ಕೆ ಎಂಜಿನಿಯರುಗಳು ನೆಕ್ಸ್ಟ್ ಹಾಪ್ ಎನ್ನುತ್ತಾರೆ, ಅಂದರೆ ಮುಂದಿನ ಠಾಣೆ. ಎಷ್ಟೋ ಸಲ ಆ ಠಾಣೆ ಪಕ್ಕದಲ್ಲಿರುವುದಿಲ್ಲ, ದೂರದ ಇನ್ನೊಂದು ಜಾಲದ ಅಂಚಿನಲ್ಲಿರುತ್ತದೆ. ಆಗ ರೂಟರ್ ಆ ಠಾಣೆಯ ವಿಳಾಸವನ್ನೇ ಹೊಸ ಪ್ರಶ್ನೆಯಾಗಿ ಅದೇ ಪಟ್ಟಿಯಲ್ಲಿ ಮತ್ತೆ ಹುಡುಕುತ್ತದೆ. ತಂತಿಯ ಆ ತುದಿಯಲ್ಲೇ ಇರುವ ನೆರೆಯ ಯಂತ್ರ ಸಿಗುವವರೆಗೆ ಹುಡುಕಾಟ ಮುಂದುವರಿಯುತ್ತದೆ. ಸಿಕ್ಕ ಮೇಲೆ, ಈ ವಿಳಾಸ ಯಾರದು ಎಂದು ಆ ತಂತಿಯಲ್ಲಿ ಕೂಗಿ ಕೇಳಿ, ಓಗೊಟ್ಟ ಯಂತ್ರದ ಹುಟ್ಟುಸಂಖ್ಯೆಯನ್ನು ಬರೆದಿಟ್ಟುಕೊಂಡು ಪೊಟ್ಟಣವನ್ನು ದಾಟಿಸುತ್ತದೆ. ಪ್ರತಿ ಸಲವೂ ಇಷ್ಟು ತಡಕಾಡಿದರೆ ಕೆಲಸ ಸಾಗದು. ಹಾಗಾಗಿ ದೊಡ್ಡ ಕಡತವೊಂದು ಒಳಗಿರುತ್ತದೆ, ಅದರಿಂದ ಮೊದಲೇ ಲೆಕ್ಕ ಹಾಕಿ ತೆಗೆದ ಕೈಪಟ್ಟಿಯೊಂದು ಬಾಗಿಲಲ್ಲಿರುತ್ತದೆ. ಪೊಟ್ಟಣಗಳು ಓಡುವುದು ಕೈಪಟ್ಟಿಯನ್ನು ನೋಡಿ.

ಕಡತಕ್ಕೆ ಸುದ್ದಿ ಬರುವ ಮೂಲಗಳು ಹಲವು. ತನ್ನ ಮೈಗೆ ಅಂಟಿದ ತಂತಿಯ ಊರುಗಳನ್ನು ರೂಟರ್ ತಾನೇ ಬಲ್ಲದು. ಕೆಲವನ್ನು ಮೇಲ್ವಿಚಾರಕ ಕೈಯಾರೆ ಬರೆದಿಟ್ಟಿರುತ್ತಾನೆ. ಉಳಿದವನ್ನು ನೆರೆಯ ರೂಟರುಗಳು ಸಾರಿ ಹೇಳುತ್ತವೆ. ಒಂದೇ ಊರಿಗೆ ಎರಡು ಮೂಲಗಳು ಎರಡು ದಾರಿ ಹೇಳಿದರೆ, ಕಂಡದ್ದಕ್ಕೆ ಮೊದಲ ಮಾನ, ಬರೆದಿಟ್ಟದ್ದಕ್ಕೆ ಎರಡನೆಯದು, ಕೇಳಿದ್ದಕ್ಕೆ ಅದರ ನಂತರದ್ದು ಎಂಬುದು ಸಾಮಾನ್ಯ ಕ್ರಮ. ಯಾವ ಚಾವಡಿಯ ಶಾನುಭೋಗನೂ ಇದನ್ನು ಒಪ್ಪುತ್ತಿದ್ದ.

ಇನ್ನು ಊರುಗಳ ಸಂಖ್ಯೆಯ ಮಾತು. ಜಗತ್ತಿನ ಪ್ರತಿ ಮನೆಗೂ ಒಂದು ಸಾಲು ಬರೆದಿಡುವ ಕಡತ ಸಾಧ್ಯವಿಲ್ಲ. ಇದನ್ನು ಬಿಡಿಸಿದ ಉಪಾಯ ನಮ್ಮ ಪಿನ್‌ಕೋಡಿನಲ್ಲೇ ಇದೆ. ತಿಪಟೂರಿನದು 572201, ಚಿಕ್ಕನಾಯಕನಹಳ್ಳಿಯದು 572214, ತುರುವೇಕೆರೆಯದು 572227. ದಿಲ್ಲಿಯಲ್ಲಿ ಕಾಗದ ವಿಂಗಡಿಸುವವನಿಗೆ ಮೊದಲ ಎರಡು ಅಂಕಿ ಸಾಕು, ದಕ್ಷಿಣದ ಕರ್ನಾಟಕದ ಚೀಲಕ್ಕೆ ಎಸೆಯುತ್ತಾನೆ. ಬೆಂಗಳೂರಿನವನು 572 ನೋಡಿ ತುಮಕೂರಿಗೆ ಬಿಡುತ್ತಾನೆ. ಆರೂ ಅಂಕಿಗಳ ಅಗತ್ಯ ಬೀಳುವುದು ತುಮಕೂರಿನಲ್ಲಿ. ಗುರಿ ಹತ್ತಿರವಾದಷ್ಟೂ ಹೆಚ್ಚು ಅಂಕಿಗಳು ಹೊಂದಿಕೆಯಾಗಬೇಕು. ರೂಟರುಗಳಲ್ಲಿಯೂ ವಿಳಾಸದ ಮುಂಭಾಗದ ಹೆಚ್ಚು ಅಂಕಿಗಳು ಹೊಂದುವ ಸಾಲೇ ಗೆಲ್ಲುತ್ತದೆ. ಹೀಗೆ ಗುಂಪುಗೂಡಿಸಿದ ಮೇಲೂ ಅಂತರಜಾಲದ ಹೆದ್ದಾರಿಯ ರೂಟರುಗಳು ಇಂದು ಹತ್ತು ಲಕ್ಷದ ಆಸುಪಾಸು ಸಾಲುಗಳನ್ನು ಹೊತ್ತಿವೆ.

ಮುಂದಿನ ಠಾಣೆ ಕೈಗೆ ಸಿಗದೆ ಹೋದರೆ? ನಾಗಮಂಗಲದ ಹಾದಿಯಲ್ಲಿ ಶತ್ರುವಿನ ಕುದುರೆಗಳು ಬೀಡುಬಿಟ್ಟವೆಂದುಕೊಳ್ಳಿ. ಕಡತದಲ್ಲಿ ಹೊನ್ನವಳ್ಳಿಯ ಸಾಲು ಹಾಗೇ ಇದೆ, ಆದರೆ ಅದು ಆಧರಿಸಿದ ಕೊಂಡಿ ಕಡಿದಿದೆ. ಅಂಥ ಸಾಲನ್ನು ರೂಟರ್ ನಂಬುವುದಿಲ್ಲ. ಕೈಪಟ್ಟಿಯಿಂದ ತೆಗೆದು ಬೇರೆ ದಾರಿಯಿದ್ದರೆ ಅದನ್ನು ಮೇಲಕ್ಕೆ ತರುತ್ತದೆ, ಇಲ್ಲದಿದ್ದರೆ ಪೊಟ್ಟಣವನ್ನು ಬಿಟ್ಟುಬಿಡುತ್ತದೆ. ಎರಡು ಠಾಣೆಗಳು ತಪ್ಪು ತಿಳಿವಳಿಕೆಯಿಂದ ಒಂದರ ಕಡೆಗೊಂದು ಓಲೆಯನ್ನು ತಳ್ಳುತ್ತಲೇ ಇರುವ ಅಪಾಯಕ್ಕೂ ಪರಿಹಾರವಿದೆ. 1981ರಲ್ಲಿ ಪ್ರಕಟವಾದ ಅಂತರಜಾಲದ ಮೂಲ ನಿಯಮದಂತೆ ಪ್ರತಿ ಪೊಟ್ಟಣಕ್ಕೂ ಒಂದು ಆಯುಸ್ಸಿನ ಅಂಕಿಯಿದೆ. ಕೈ ಬದಲಾದಂತೆ ಅದು ಒಂದೊಂದಾಗಿ ಇಳಿದು, ಸೊನ್ನೆಯಾದಾಗ ಪೊಟ್ಟಣ ಅಲ್ಲೇ ಕೊನೆಯಾಗುತ್ತದೆ.

ಇಲ್ಲಿಯವರೆಗೆ ಎಲ್ಲವೂ ಚೆಂದ. ಆದರೆ ದಾರಿಯೆಲ್ಲವೂ ನೆರೆಯವನ ಮಾತಿನ ಮೇಲೆ ನಿಂತಿದ್ದರೆ, ನೆರೆಯವನು ತಪ್ಪು ಸಾರಿದಾಗ ಏನಾದೀತು? 2008ರ ಫೆಬ್ರವರಿ 24ರಂದು ಪಾಕಿಸ್ತಾನದ ದೂರಸಂಪರ್ಕ ಸಂಸ್ಥೆ, ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಲು, ಆ ವಿಳಾಸಗಳ ಪೈಕಿ ಒಂದು ಸಣ್ಣ ಗುಂಪಿಗೆ ತಾನೇ ದಾರಿ ಎಂದು ಬರೆದುಕೊಂಡಿತು. ಆ ಸಾಲು ಸೋರಿ ಹೊರಜಗತ್ತಿಗೂ ಹೋಯಿತು. ಯೂಟ್ಯೂಬ್ ಸಾರಿದ್ದ ಗುಂಪಿಗಿಂತ ಇದು ಸಣ್ಣದು, ಅಂದರೆ ಹೆಚ್ಚು ಅಂಕಿಗಳು ಹೊಂದುವಂಥದು. ನಿಯಮದಂತೆ ಅದೇ ಗೆದ್ದಿತು. ಸುಮಾರು ಎರಡು ಗಂಟೆಗಳ ಕಾಲ ಜಗತ್ತಿನ ಬಹುಭಾಗದ ಯೂಟ್ಯೂಬ್ ಪೊಟ್ಟಣಗಳು ಅತ್ತ ಹರಿದು ಮಣ್ಣುಪಾಲಾದವು. ಯಾವ ರೂಟರೂ ಕೆಟ್ಟಿರಲಿಲ್ಲ. ಎಲ್ಲವೂ ತಮಗೆ ಹೇಳಿಕೊಟ್ಟದ್ದನ್ನೇ ಮಾಡಿದ್ದವು.

ನಡುವಿನ ಕೈಯಲ್ಲಿ ಎಷ್ಟು ಶಕ್ತಿಯಿದೆ ಎಂಬುದನ್ನು ಚಿಕ್ಕದೇವರಾಜರಷ್ಟು ಚೆನ್ನಾಗಿ ಅರಿತ ದೊರೆ ಅಂದಿನ ದಕ್ಷಿಣದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಅವರ ಅಂಚೆಯವರಿಗೆ ಓಲೆ ದಾಟಿಸುವುದರ ಜೊತೆಗೆ ಇನ್ನೊಂದು ಕೆಲಸವೂ ಇತ್ತು. ಸೀಮೆಯಲ್ಲಿ ನಡೆಯುವ ಗುಟ್ಟಿನ ಸಂಗತಿಗಳನ್ನೆಲ್ಲ ಅವರು ರಾಜಧಾನಿಗೆ ವರದಿ ಮಾಡಬೇಕಿತ್ತು. ಮುಂದೆ ರೂಪುಗೊಂಡ ಕಚೇರಿಗಳ ಪಟ್ಟಿಯಲ್ಲಿ ಈ ಇಲಾಖೆಯ ಹೆಸರು ಬೇಹಿನ ಚಾವಡಿ. ಇಂಗ್ಲಿಷ್ ಇತಿಹಾಸಕಾರರು ಇದನ್ನು ತ್ವರಿತ ರವಾನೆಯ ಇಲಾಖೆ ಎಂಬರ್ಥದಲ್ಲಿ ಅನುವಾದಿಸಿದರು. ಕನ್ನಡದ ಕಿವಿಗೆ ಅಂಥ ಮರೆಯ ಅಗತ್ಯವಿಲ್ಲ. ಬೇಹು ಎಂದರೆ ಬೇಹುಗಾರಿಕೆಯೇ.

ಇದರ ಬೆಲೆ ತೆತ್ತವರು ರೈತರು. ಸಾಂಪ್ರದಾಯಿಕವಾಗಿ ಬೆಳೆಯ ಆರನೆಯ ಒಂದು ಪಾಲು ಅರಮನೆಗೆ ಸಲ್ಲಬೇಕು. ಅದನ್ನು ನೇರವಾಗಿ ಏರಿಸಿದರೆ ಶಾಸ್ತ್ರವಿರೋಧ ಎನಿಸಿಕೊಳ್ಳುವ ಭಯ. ಹಾಗಾಗಿ ಒಡೆಯರು ಮೂಲ ಕಂದಾಯವನ್ನು ಮುಟ್ಟದೆ ಅದರ ಸುತ್ತ ಸಣ್ಣ ಸಣ್ಣ ತೆರಿಗೆಗಳ ಬೇಲಿ ಹಾಕಿದರು. ಜನ ತಿರುಗಿಬಿದ್ದರು. ಕರ್ನಲ್ ಮಾರ್ಕ್ ವಿಲ್ಕ್ಸ್ ಬರೆದಿರುವಂತೆ, ಉಳುವುದಿಲ್ಲವೆಂಬ ಗುರುತಿಗೆ ಹಳ್ಳಿ ಹಳ್ಳಿಯ ಬಾಗಿಲ ಮರಗಳಲ್ಲಿ ನೇಗಿಲುಗಳನ್ನು ತಲೆಕೆಳಗಾಗಿ ತೂಗುಹಾಕಿದರು. ದಂಗೆಗೆ ಜಂಗಮರ ಮುಂದಾಳ್ತನವಿದೆ ಎಂಬ ವರದಿಗಳು ಅರಮನೆ ಮುಟ್ಟಿದವು. ಮುಂದಿನದು ಘೋರವಾದ ಕಥೆ. ನಂಜನಗೂಡಿನಲ್ಲಿ ಸತ್ಕಾರದ ನೆಪದಲ್ಲಿ ಕರೆಸಿ ನಾನೂರಕ್ಕೂ ಹೆಚ್ಚು ಜಂಗಮರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಕೊಲ್ಲಿಸಲಾಯಿತು, ಏಳುನೂರು ಮಠಗಳನ್ನು ಕೆಡವಲು ಆಜ್ಞೆ ಹೋಯಿತು ಎಂದು ವಿಲ್ಕ್ಸ್ ಹೇಳುತ್ತಾರೆ. ಅವರು ಬರೆದದ್ದು ಘಟನೆಯಾಗಿ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ಬಾಯಿಮಾತಿನ ಪರಂಪರೆಯನ್ನು ಆಧರಿಸಿ. ಸಂಖ್ಯೆಗಳನ್ನು ನಂತರದ ಇತಿಹಾಸಕಾರರು ಹಾಗೆಯೇ ಒಪ್ಪಿಲ್ಲ. ದಂಗೆ ಎದ್ದದ್ದು, ಅದನ್ನು ರಕ್ತದಲ್ಲಿ ಅಡಗಿಸಿದ್ದು ಜನರ ನೆನಪಿನಲ್ಲಿ ಉಳಿಯಿತು. ರಾಜಧಾನಿಯಿಂದ ಹಳ್ಳಿಗೆ ಆಜ್ಞೆ ಒಯ್ದ ದಾರಿಯಲ್ಲೇ ಹಳ್ಳಿಯ ಚಾಡಿಯೂ ರಾಜಧಾನಿಗೆ ಬಂದಿತ್ತು. ರೈತನ ಅಹವಾಲು ಆ ಚೀಲದಲ್ಲಿ ಎಷ್ಟು ಬಂದೀತು ಎಂಬುದನ್ನು ಓದುಗರೇ ಊಹಿಸಬಹುದು.

ಅಷ್ಟೆಲ್ಲ ಬೇಹು ಇದ್ದೂ ಒಂದು ಸುದ್ದಿ ಸಮಯಕ್ಕೆ ಬರಲಿಲ್ಲ. 1686ರಲ್ಲಿ ವಿಶಾಲಾಕ್ಷ ಪಂಡಿತರ ಕೊಲೆಯಾಯಿತು. ದಂಗೆಯ ದಮನಕ್ಕೆ ಅವರ ಸಲಹೆಯೇ ಕಾರಣವೆಂಬ ಸೇಡು ಅದರ ಹಿಂದಿತ್ತೆಂದು ನಂಬಲಾಗಿದೆ. ಯಳಂದೂರಿನ ದಿನಗಳ ಗೆಳೆಯ ಹೋದಮೇಲೆ ಆ ಸ್ಥಾನಕ್ಕೆ ತಿರುಮಲಾರ್ಯರು ಬಂದರು.

ಸುದ್ದಿಯ ಓಟವೇ ಯುದ್ಧದ ಗತಿಯನ್ನು ನಿರ್ಧರಿಸಿದ ಪ್ರಸಂಗವೂ ಒಂದಿದೆ. ಮೈಸೂರಿನ ಮುಖ್ಯ ಸೇನೆ ದಳವಾಯಿ ಕುಮಾರಯ್ಯನ ಜೊತೆ ದೂರದ ತಿರುಚಿರಾಪಳ್ಳಿಯ ಮುಂದಿದ್ದಾಗ ಮರಾಠರ ದಂಡು ಶ್ರೀರಂಗಪಟ್ಟಣದ ಬಳಿ ಕಾಣಿಸಿಕೊಂಡಿತು. ವಿಲ್ಕ್ಸ್ ಇದನ್ನು 1696ರಲ್ಲಿಡುತ್ತಾರೆ, ನಂತರದ ವಿದ್ವಾಂಸರು 1682ಕ್ಕೆ ಒಯ್ಯುತ್ತಾರೆ. ಕರೆ ಮುಟ್ಟಿದೊಡನೆ ಕುಮಾರಯ್ಯನು ಮಗ ದೊಡ್ಡಯ್ಯನನ್ನು ದಂಡಿನೊಡನೆ ಹಿಂದಕ್ಕೆ ಓಡಿಸಿದ. ದೊಡ್ಡಯ್ಯ ಎತ್ತುಗಳ ಕೊಂಬಿಗೆ ಪಂಜು ಕಟ್ಟಿ ರಾತ್ರಿಯಲ್ಲಿ ಒಂದು ದಿಕ್ಕಿಗೆ ಅಟ್ಟಿ, ಶತ್ರುಗಳ ಕಣ್ಣು ಅತ್ತ ಹೊರಳಿದಾಗ ಇನ್ನೊಂದು ದಿಕ್ಕಿನಿಂದ ಎರಗಿದ. ಒಡೆಯರಿಗೆ ಅಪ್ರತಿಮವೀರ ಎಂಬ ಬಿರುದು ಸಂದದ್ದು ಮರಾಠರ ಮೇಲಿನ ಇಂಥ ಗೆಲುವುಗಳಿಂದ.

1687ರ ಬೆಂಗಳೂರಿನ ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ತಂಜಾವೂರಿನಲ್ಲಿ ನೆಲೆಯೂರಿದ್ದ ಏಕೋಜಿಗೆ ದೂರದ ಬೆಂಗಳೂರು ಭಾರವಾಗಿತ್ತು. ಮೈಸೂರಿಗೆ ಮಾರುವ ಮಾತುಕತೆ ಮೂರು ಲಕ್ಷ ರೂಪಾಯಿಗಳಿಗೆ ಕುದುರಿತು. ಅಷ್ಟರಲ್ಲಿ ಮೊಗಲ್ ಸೇನಾನಿ ಖಾಸಿಂ ಖಾನ್ ಮುನ್ನುಗ್ಗಿ ಜುಲೈ ತಿಂಗಳಲ್ಲಿ ಕೋಟೆಯ ಮೇಲೆ ತನ್ನ ಬಾವುಟ ಹಾರಿಸಿಬಿಟ್ಟ. ಒಡೆಯರು ಕಾದಾಡಲಿಲ್ಲ. ಏಕೋಜಿಗೆ ಕೊಡಲಿದ್ದ ಅದೇ ಮೊತ್ತವನ್ನು ಖಾಸಿಂ ಖಾನನಿಗೆ ಕೊಟ್ಟು ಕೆಲವೇ ದಿನಗಳಲ್ಲಿ ಊರನ್ನು ಪಡೆದರು. ಕೋಟೆ ವೆಂಕಟರಮಣ ದೇವಾಲಯ ಅವರು ಅಲ್ಲಿ ಕಟ್ಟಿಸಿದ್ದು.

1699ರಲ್ಲಿ ಕರಣಿಕ ಲಿಂಗಣ್ಣಯ್ಯನ ನೇತೃತ್ವದಲ್ಲಿ ಔರಂಗಜೇಬನ ಬಳಿಗೆ ಹೋದ ನಿಯೋಗ ಮರುವರ್ಷ ಮರಳಿತು. ಅದು ತಂದದ್ದರಲ್ಲಿ ಬಿರುದುಗಳಿಗಿಂತ ಮೊಗಲ್ ಆಡಳಿತದ ಮಾದರಿಯೇ ಹೆಚ್ಚು ಬೆಲೆಯುಳ್ಳದ್ದು. ಅದನ್ನು ನೋಡಿ ಒಡೆಯರು ಸರ್ಕಾರದ ಕೆಲಸವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಅಠಾರಾ ಕಚೇರಿ ಎಂದು ಹೆಸರಾದದ್ದು ಇದೇ. ನಿರೂಪದ ಚಾವಡಿ, ಆಯಕಟ್ಟಿನ ಚಾವಡಿ, ಸುಂಕದ ಚಾವಡಿ, ದೇವಸ್ಥಾನದ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ, ಹೀಗೆ. ಅಂಚೆ ಮತ್ತು ಪೊಲೀಸು ಬೇಹಿನ ಚಾವಡಿಗೆ ಸೇರಿದವು. ತಿಪಟೂರಿನವರಿಗೆ ಹತ್ತಿರದ್ದು ಬೆಣ್ಣೆ ಚಾವಡಿ. ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಆ ಇಲಾಖೆಗೆ ಟಿಪ್ಪು ಸುಲ್ತಾನ್ ಇಟ್ಟ ಹೆಸರೇ ಅಮೃತಮಹಲ್. ಆ ತಳಿಯ ಸಂವರ್ಧನೆ ತಿಪಟೂರು ತಾಲ್ಲೂಕಿನ ಕೋನೇಹಳ್ಳಿಯಲ್ಲಿ ಇಂದಿಗೂ ನಡೆದಿದೆ.

ಕಂದಾಯದ ಹಣವೂ ಇದೇ ಹಾದಿಗಳಲ್ಲಿ ರಾಜಧಾನಿಗೆ ಹರಿಯುತ್ತಿತ್ತು. ಸೀಮೆಗಳಿಂದ ಬಂದ ಹಣದಲ್ಲಿ ಸಾವಿರ ವರಹದ ಎರಡು ಚೀಲಗಳನ್ನು ಭಂಡಾರಕ್ಕೆ ಸೇರಿಸದೆ ಒಡೆಯರು ಬೆಳಗಿನ ಆಹಾರ ಮುಟ್ಟುತ್ತಿರಲಿಲ್ಲವೆಂದು ಪ್ರತೀತಿ. ನವಕೋಟಿ ನಾರಾಯಣ ಎಂಬ ಹೆಸರು ಬಂದದ್ದು ಹೀಗೆ. ಉಳುವ ಜನ ಅದನ್ನು ಯಾವ ದನಿಯಲ್ಲಿ ಹೇಳುತ್ತಿದ್ದರೋ ತಿಳಿಯದು. ಆ ಹಣದಲ್ಲಿ ಒಂದು ಪಾಲು ನೀರಾಗಿ ಮರಳಿತೆಂಬುದನ್ನೂ ಹೇಳಬೇಕು. ಕಾವೇರಿಗೆ ಅಡ್ಡಗಟ್ಟಿ ತೆಗೆಸಿದ ಚಿಕ್ಕದೇವರಾಜ ಸಾಗರ ನಾಲೆ ಇಂದಿಗೂ ಶ್ರೀರಂಗಪಟ್ಟಣ ಸೀಮೆಯ ಗದ್ದೆಗಳಿಗೆ ನೀರುಣಿಸುತ್ತಿದೆ.

ಸಾಹಿತ್ಯದ ವಿಚಾರ ಬೇರೆಯೇ ಲೇಖನಕ್ಕೆ ಆಗುವಷ್ಟಿದೆ. ತಿರುಮಲಾರ್ಯ, ಚಿಕ್ಕುಪಾಧ್ಯಾಯ, ಕನ್ನಡದಲ್ಲಿ ಉಳಿದುಬಂದ ಮೊದಲ ನಾಟಕವಾದ ಮಿತ್ರವಿಂದಾ ಗೋವಿಂದ ಬರೆದ ಸಿಂಗರಾರ್ಯ ಇವರೆಲ್ಲ ಆ ಆಸ್ಥಾನದವರು. ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಯಳಂದೂರಿನ ಹೊನ್ನಮ್ಮ ಹದಿಬದೆಯ ಧರ್ಮ ಬರೆದು ಅವರೆಲ್ಲರಿಗಿಂತ ಹೆಚ್ಚು ಕಾಲ ಓದಿಸಿಕೊಂಡಳು.

1704ರ ನವೆಂಬರ್ 16ರಂದು ಚಿಕ್ಕದೇವರಾಜ ಒಡೆಯರು ತೀರಿಕೊಂಡರು. ರಾಜ್ಯದ ಮೂಲೆ ಮೂಲೆಯ ಪಿಸುಮಾತನ್ನೂ ಕೇಳಿಸಿಕೊಳ್ಳುವ ಏರ್ಪಾಡು ಮಾಡಿದ್ದ ದೊರೆಯ ನಂತರ ಪಟ್ಟಕ್ಕೆ ಬಂದ ಮಗ ಇಮ್ಮಡಿ ಕಂಠೀರವ ನರಸರಾಜರು ಹುಟ್ಟಿನಿಂದಲೇ ಕಿವುಡರೂ ಮೂಕರೂ ಆಗಿದ್ದರು. ಜನ ಅವರನ್ನು ಮೂಕರಸು ಎಂದೇ ಕರೆದರು. ಅವರ ಹತ್ತು ವರ್ಷಗಳ ಆಳ್ವಿಕೆಯಲ್ಲಿ ಅಧಿಕಾರ ಮಂತ್ರಿ ದಳವಾಯಿಗಳ ಕೈಗೆ ಸರಿಯತೊಡಗಿತು, ಮತ್ತೆ ಅರಮನೆಗೆ ಪೂರ್ತಿ ಮರಳಲಿಲ್ಲ. ಅಂಚೆ ನಿಲ್ಲಲಿಲ್ಲ. ಹೈದರಾಲಿ ಅದನ್ನು ತನ್ನ ಕಣ್ಣು ಕಿವಿಯಾಗಿ ಬಳಸಿದ, ಟಿಪ್ಪುವೂ ನಡೆಸಿದ, 1799ರ ನಂತರ ದಿವಾನ್ ಪೂರ್ಣಯ್ಯ ಅದನ್ನು ಹೊಸದಾಗಿ ಹೊಂದಿಸಿದರು. ಬ್ರಿಟಿಷ್ ಕಮಿಷನರುಗಳ ಕಾಲದಲ್ಲೂ ಅಂಚೆ ಬಕ್ಷಿ ಎಂಬ ಅಧಿಕಾರಿಯ ಕೈಕೆಳಗೆ ಅದು ನಡೆಯಿತು. ಓಡುವ ಆಳುಗಳ ಚೀಲದಲ್ಲಿ ಸರ್ಕಾರದ ನಿರೂಪಗಳ ಜೊತೆಗೆ ಸಾಮಾನ್ಯರ ಕಾಗದಗಳಿಗೂ ಜಾಗ ಸಿಕ್ಕಿತು.

1889ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಟಪಾಲು ಇಲಾಖೆಯಲ್ಲಿ ವಿಲೀನವಾಯಿತು. ಅದಕ್ಕೆ ಸರಿಯಾಗಿ ನೂರು ವರ್ಷಗಳ ನಂತರ, 1989ರಲ್ಲಿ, ಇಬ್ಬರು ಎಂಜಿನಿಯರುಗಳು ಊಟದ ಮೇಜಿನ ಕರವಸ್ತ್ರದ ಕಾಗದದ ಮೇಲೆ, ಒಂದು ಜಾಲ ಇನ್ನೊಂದಕ್ಕೆ ದಾರಿ ಸಾರುವ ಇಂದಿನ ನಿಯಮದ ಮೊದಲ ರೂಪವನ್ನು ಗೀಚಿದರು. ಟಪಾಲು ಎಂಬ ಹೊಸ ಹೆಸರು ಮೈಸೂರು ಸೀಮೆಯಲ್ಲಿ ಹಳೆಯದನ್ನು ಓಡಿಸಲಿಲ್ಲ. ತಿಪಟೂರಿನಲ್ಲೂ ಹೊನ್ನವಳ್ಳಿಯಲ್ಲೂ ಫಲಕದ ಮೇಲೆ ಇರುವುದು ಅಂಚೆ ಕಚೇರಿ ಎಂದೇ.